ಸುಖವನ್ನು ಕಟ್ಟುವ ಕಿರುನಿಯಮಗಳು

ಸುಖವನ್ನು ಬಯಸದ ಜೀವವಿಲ್ಲ. ದುಃಖಕ್ಕೆ ಅಂಜದ ಜೀವವೂ ಇಲ್ಲ. ಇರುವೆಯು ನೀರನ್ನು ಕಂಡು ಹಿಂದೆ ಸರಿಯುವುದೂ ಅರಸನು ಕೋಟೆಯನ್ನು ಕಟ್ಟಿಸುವುದೂ ಒಂದೇ ಬಯಕೆಯ ಎರಡು ರೂಪಗಳು. ಗುಣಭದ್ರಾಚಾರ್ಯರು ತಮ್ಮ ‘ಆತ್ಮಾನುಶಾಸನ’ವನ್ನು ಆರಂಭಿಸುವುದೂ ಈ ವಿಚಾರದಿಂದಲೇ. ಶಿಷ್ಯನು ಬಯಸುವ ಸುಖವನ್ನೇ ಕೊಡುವ ಉಪದೇಶವಿದು, ಮೊದಲಿಗೆ ತುಸು ಕಹಿಯೆನಿಸಿದರೂ ರೋಗಿಯು ಔಷಧಕ್ಕೆ ಹೆದರುವಂತೆ ಹೆದರಬಾರದು ಎಂದು ಅವರು ಧೈರ್ಯ ಹೇಳುತ್ತಾರೆ. ಬಯಕೆಯ ವಿಷಯದಲ್ಲಿ ಹೀಗೆ ಎಲ್ಲರೂ ಒಂದೇ. ಆದರೆ ಆ ಸುಖವನ್ನು ಮಾಡುವವರು ಯಾರು ಎಂದು ಕೇಳಿದೊಡನೆ ಜನರ ಅಭಿಪ್ರಾಯಗಳು ಬೇರೆಬೇರೆಯಾಗುತ್ತವೆ.

ಹಣೆಬರಹದಲ್ಲಿದ್ದರೆ ಸುಖ, ಇಲ್ಲದಿದ್ದರೆ ಇಲ್ಲ ಎನ್ನುವವರು ಕೆಲವರು. ಹೊಲ, ಮನೆ, ಅಂಗಡಿ, ಮಕ್ಕಳ ಉದ್ಯೋಗ ಇವುಗಳಿಂದ ಸುಖ ಎನ್ನುವವರು ಮತ್ತೆ ಕೆಲವರು. ಹಿರೇಕೆರೂರಿನ ಸೀಮೆಯಲ್ಲಿ ಹತ್ತಿಯನ್ನೋ ಗೋವಿನಜೋಳವನ್ನೋ ಬಿತ್ತಿ ಆಕಾಶವನ್ನು ನೋಡುತ್ತ ಕುಳಿತ ಒಕ್ಕಲಿಗನಿಗೆ ಈ ಎರಡೂ ಮಾತುಗಳು ನಿಜವೆನಿಸುವುದು ಸಹಜವೇ. ಮಳೆಯೂ ಪೇಟೆಯ ಧಾರಣೆಯೂ ಅವನ ಕೈಯಲ್ಲಿಲ್ಲ. ಹಾಗಾದರೆ ಅವನ ಕೈಯಲ್ಲಿರುವುದು ಏನು? ಈ ಪ್ರಶ್ನೆಗೆ ಜಿನಾಗಮವು ಕೊಡುವ ಉತ್ತರವನ್ನು ಪರಿಭಾವಿಸುವುದು ಪ್ರತಿಯೊಬ್ಬ ಶ್ರಾವಕನಿಗೂ ಅವಶ್ಯಕ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಕ್ಕಪಕ್ಕದಲ್ಲಿಯೇ ಎರಡು ಸೂತ್ರಗಳಿವೆ. ಒಂದು ಅಸಾತಾವೇದನೀಯಕ್ಕೆ, ಎಂದರೆ ದುಃಖದ ಅನುಭವವನ್ನು ಕೊಡುವ ಕರ್ಮಕ್ಕೆ ಕಾರಣಗಳನ್ನು ಹೇಳುತ್ತದೆ; ಇನ್ನೊಂದು ಸಾತಾವೇದನೀಯಕ್ಕೆ. ಸುಖಕ್ಕೆ ಕಾರಣವೆಂದು ಅಲ್ಲಿ ಎಣಿಸಿರುವವು ಜೀವಿಗಳಲ್ಲಿಯೂ ವ್ರತಿಗಳಲ್ಲಿಯೂ ಅನುಕಂಪೆ, ದಾನ, ಸರಾಗಸಂಯಮ ಮೊದಲಾದವುಗಳಲ್ಲಿ ತೊಡಗುವಿಕೆ, ಕ್ಷಮೆ ಮತ್ತು ಶೌಚ, ಅರ್ಥಾತ್ ಲೋಭವನ್ನು ಬಿಡುವುದು. ಈ ಪಟ್ಟಿಯಲ್ಲಿ ಮಳೆಯಿಲ್ಲ, ಧಾರಣೆಯಿಲ್ಲ, ನೆರೆಯವರ ಒಳ್ಳೆಯತನವೂ ಇಲ್ಲ. ಇರುವುದೆಲ್ಲ ಮನುಷ್ಯನು ತಾನೇ ಮಾಡಬಹುದಾದ, ದಿನವೂ ಮಾಡಬಹುದಾದ ಕೆಲಸಗಳು. ಕರ್ಮಸಿದ್ಧಾಂತವನ್ನು ಹಣೆಬರಹವೆಂದು ತಿಳಿದವರು ಈ ಸೂತ್ರವನ್ನು ಮತ್ತೊಮ್ಮೆ ಓದಬೇಕು. ಇಂದು ದೈವವೆಂದು ಕರೆಸಿಕೊಳ್ಳುವುದು ನಿನ್ನೆಯ ಪುರುಷಾರ್ಥದ ಫಲವೇ ಆಗಿದೆ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ದೈವವೊಂದೇ ಸಾಕೆನ್ನುವ ಪಕ್ಷವನ್ನೂ ಪೌರುಷವೊಂದೇ ಸಾಕೆನ್ನುವ ಪಕ್ಷವನ್ನೂ ನಿರಾಕರಿಸಿ, ಬುದ್ಧಿಪೂರ್ವಕವಲ್ಲದೆ ಬಂದ ಇಷ್ಟಾನಿಷ್ಟಗಳು ದೈವದಿಂದ, ಬುದ್ಧಿಪೂರ್ವಕವಾಗಿ ಸಾಧಿಸಿದವು ಪೌರುಷದಿಂದ ಎಂದು ತೂಗಿ ಹೇಳಿರುವುದು ಇಲ್ಲಿ ಸ್ಮರಣೀಯ. ತನಗೆ ತಿಳಿಯದೆ ಬಂದುದನ್ನು ಸಹಿಸಬೇಕು. ತಿಳಿದು ಮಾಡಬಹುದಾದುದನ್ನು ಬಿಡದೆ ಮಾಡಬೇಕು.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು. ದುಃಖದ ಕಾರಣಗಳನ್ನು ಹೇಳುವ ಸೂತ್ರವು ಪರರಿಗೆ ದುಃಖವನ್ನುಂಟುಮಾಡುವುದು ಮಾತ್ರವಲ್ಲ, ತನಗೆ ತಾನು ದುಃಖವನ್ನುಂಟುಮಾಡಿಕೊಳ್ಳುವುದೂ ಅಸಾತಕ್ಕೆ ಕಾರಣವೆನ್ನುತ್ತದೆ. ಉಪವಾಸದಲ್ಲಿ ಹಸಿವಿದೆ, ಆಯಾಸವಿದೆ. ಹಾಗಾದರೆ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸಮಾಡುವವನು ಸುಖವನ್ನು ಗಳಿಸುವ ಬದಲು ದುಃಖವನ್ನೇ ಬಿತ್ತುತ್ತಾನೆಂದು ಹೇಳಬೇಕಾಗುವುದಿಲ್ಲವೆ? ಈ ಶಂಕೆಯನ್ನು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ತಾವೇ ಎತ್ತಿ ಪರಿಹರಿಸಿದ್ದಾರೆ. ಕರುಣೆಯುಳ್ಳ ವೈದ್ಯನು ಸಂಯಮಿಯೊಬ್ಬರ ದೇಹದ ಹುಣ್ಣನ್ನು ಶಸ್ತ್ರದಿಂದ ಸೀಳುತ್ತಾನೆ, ನೋವಾಗುತ್ತದೆ, ಆದರೂ ವೈದ್ಯನಿಗೆ ಪಾಪವಿಲ್ಲ, ಏಕೆಂದರೆ ಅವನೊಳಗೆ ಕ್ರೋಧಾದಿಗಳಿಲ್ಲ. ಹಾಗೆಯೇ ಸಂಸಾರದ ದುಃಖದಿಂದ ಬಿಡುಗಡೆಯನ್ನು ಬಯಸಿ, ಶಾಸ್ತ್ರೋಕ್ತ ಕ್ರಮದಲ್ಲಿ, ಸಂಕ್ಲೇಶವಿಲ್ಲದೆ ಮಾಡಿದ ಉಪವಾಸವು ಪಾಪಬಂಧಕ್ಕೆ ಕಾರಣವಾಗದು.

ಈ ಪರಿಹಾರದಲ್ಲಿ ಸಮಾಧಾನವೂ ಇದೆ, ಎಚ್ಚರಿಕೆಯೂ ಇದೆ. ಸಂಕ್ಲೇಶವಿಲ್ಲದಿದ್ದರೆ ಹಸಿವೂ ಶುದ್ಧಿಯೇ; ಸಂಕ್ಲೇಶವಿದ್ದರೆ ಉಪವಾಸವೂ ದುಃಖವೇ. ನೋಂಪಿಯ ದಿನ ಬೆಳಗಿನಿಂದ ಸೊಸೆಯನ್ನು ಗದರಿಸುತ್ತ, ನೆರೆಮನೆಯವರು ಉಪವಾಸ ಮಾಡಲಿಲ್ಲವೆಂದು ಆಡಿಕೊಳ್ಳುತ್ತ, ನಾಳಿನ ಪಾರಣೆಯ ಭಕ್ಷ್ಯಗಳನ್ನು ಎಣಿಸುತ್ತ ಕುಳಿತರೆ ಹೊಟ್ಟೆ ಬರಿದಾದೀತು, ಕರ್ಮ ಬರಿದಾಗದು. ಒಂದು ಹೊತ್ತು ಉಂಡು ಸಮಚಿತ್ತದಿಂದಿರುವವನು ಉಣದೆ ಉರಿಯುವವನಿಗಿಂತ ಮೇಲು. ವ್ರತವು ಸುಖವನ್ನು ಕಟ್ಟುತ್ತಿದೆಯೋ ದುಃಖವನ್ನು ಕಟ್ಟುತ್ತಿದೆಯೋ ಎಂಬುದಕ್ಕೆ ಸಾಕ್ಷಿ ಪಂಚಾಂಗವಲ್ಲ, ಆ ದಿನದ ಮಾತುಗಳು.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ತ್ಯಾಗವನ್ನು ಯಮವೆಂದೂ ನಿಯಮವೆಂದೂ ಎರಡಾಗಿ ವಿಂಗಡಿಸುತ್ತಾರೆ. ಜೀವಾವಧಿಯ ತ್ಯಾಗವು ಯಮ. ಕಾಲಮಿತಿಯುಳ್ಳ ತ್ಯಾಗವು ನಿಯಮ. ಆಹಾರ, ವಾಹನ, ಹಾಸಿಗೆ, ಸ್ನಾನ, ಗಂಧ, ತಾಂಬೂಲ, ವಸ್ತ್ರ, ಆಭರಣ, ಸಂಗೀತ ಇತ್ಯಾದಿ ಭೋಗೋಪಭೋಗಗಳಲ್ಲಿ ಯಾವುದನ್ನಾದರೂ ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಎಂದು ಅವಧಿಯಿಟ್ಟು ಬಿಡಬಹುದೆಂದು ಅವರು ಹೇಳುತ್ತಾರೆ. ಮನುಷ್ಯನ ದೌರ್ಬಲ್ಯವನ್ನು ಬಲ್ಲ ಗುರುವಿನ ಮಾತಿದು. ಇಡೀ ಜೀವನಕ್ಕೆ ಹೆದರುವವನು ಒಂದು ಹಗಲಿಗೆ ಹೆದರಬೇಕಾಗಿಲ್ಲ. ಅಂದಿನ ಪಟ್ಟಿಯಲ್ಲಿ ಸಂಗೀತವಿದ್ದ ಜಾಗಕ್ಕೆ ಇಂದು ಟಿ.ವಿ.ಯನ್ನೂ ಮೊಬೈಲನ್ನೂ ಸೇರಿಸಿಕೊಂಡರೆ ಪಟ್ಟಿ ಹಳತಾಗಲಿಲ್ಲವೆಂಬುದು ತಾನೇ ತಿಳಿಯುತ್ತದೆ.

ಕಿರಿದಾದ ನಿಯಮಕ್ಕೆ ಎಷ್ಟು ಬಲವಿದೆಯೆಂಬುದಕ್ಕೆ ಗುಣಭದ್ರರ ‘ಉತ್ತರಪುರಾಣ’ದಲ್ಲಿ ಖದಿರಸಾರನ ಕಥೆಯಿದೆ. ವಿಂಧ್ಯದ ಕಾಡಿನ ಕಿರಾತನಾದ ಖದಿರಸಾರನು ಸಮಾಧಿಗುಪ್ತ ಮುನಿಗಳನ್ನು ಕಂಡು ವಂದಿಸಿದನು. ಮಾಂಸವನ್ನು ಪೂರ್ತಿಯಾಗಿ ಬಿಡುವುದು ಅವನಿಂದಾಗದು. ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ ಎಂದು ಮುನಿಗಳು ವಿಚಾರಿಸಿದರು. ಅವನು ತಿಂದಿರಲಿಲ್ಲ. ಹಾಗಾದರೆ ಅದೊಂದನ್ನು ಬಿಡು ಎಂದರು, ಅವನು ಒಪ್ಪಿದನು. ಎಂದೂ ತಿನ್ನದುದನ್ನು ಬಿಡುವುದರಲ್ಲಿ ಏನು ತ್ಯಾಗವಿದೆಯೆಂದು ಕೇಳುವವರಿಗೆ ಕಥೆಯ ಉತ್ತರಾರ್ಧವೇ ಉತ್ತರ. ಕಾಲಾಂತರದಲ್ಲಿ ಅವನಿಗೆ ಕಠಿಣವಾದ ವ್ಯಾಧಿ ಬಂದಿತು. ಕಾಗೆಯ ಮಾಂಸದಿಂದಲೇ ಗುಣವಾದೀತೆಂದು ವೈದ್ಯರು ಹೇಳಿದರು. ಬಂಧುಗಳು ಬೇಡಿಕೊಂಡರು. ಕೊಂಡಾಗ ಬೆಲೆಯೇ ಇಲ್ಲದ ವ್ರತವು ಅಂದು ಪ್ರಾಣದ ಬೆಲೆಗೆ ಸಮನಾಯಿತು. ಅವನು ಕೈಬಿಡಲಿಲ್ಲ. ಅಷ್ಟೇ ಅಲ್ಲ, ಒಂದನ್ನು ಬಿಡಲಾರೆನೆಂದಿದ್ದವನು ಕೊನೆಯಲ್ಲಿ ಎಲ್ಲ ಮಾಂಸವನ್ನೂ ಬಿಟ್ಟು ಪಂಚವ್ರತಗಳನ್ನು ಸ್ವೀಕರಿಸಿ ಮರಣಹೊಂದಿ ಸೌಧರ್ಮಸ್ವರ್ಗದಲ್ಲಿ ದೇವನಾದನು. ಆ ಜೀವವೇ ಮುಂದೆ ಮಗಧದ ಶ್ರೇಣಿಕ ಮಹಾರಾಜನಾಗಿ ಹುಟ್ಟಿತು. ವ್ರತವನ್ನು ಕೊಟ್ಟ ದಿನ ಮುನಿಗಳು ಅವನಿಗೆ ಕೊಟ್ಟದ್ದು ತನ್ನ ಮಾತನ್ನು ತಾನು ಉಳಿಸಿಕೊಳ್ಳಬಲ್ಲೆನೆಂಬ ಅರಿವು. ಉಳಿದೆಲ್ಲವೂ ಆ ಅರಿವಿನಿಂದ ಬೆಳೆಯಿತು.

ಈ ಕಥೆಯನ್ನು ಒಳಗೊಂಡ ಗ್ರಂಥಕ್ಕೂ ಹಿರೇಕೆರೂರಿನ ನೆರೆಯ ನೆಲಕ್ಕೂ ಸಂಬಂಧವಿದೆ. ಉತ್ತರಪುರಾಣವು ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ ಪೂಜೆಗೊಂಡದ್ದು ಇಂದಿನ ಶಿಗ್ಗಾಂವಿ ತಾಲೂಕಿನ ಬಂಕಾಪುರದಲ್ಲಿ. ಆ ಗ್ರಂಥಪರಂಪರೆಯೇ ದೃಢಪ್ರಯತ್ನಕ್ಕೆ ನಿದರ್ಶನ. ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಮುಗಿಸಿ ಜಯಧವಲೆಯನ್ನು ಆರಂಭಿಸಿ 20,000 ಶ್ಲೋಕಪ್ರಮಾಣವನ್ನು ಬರೆದು ಸ್ವರ್ಗಸ್ಥರಾದರು. ಶಿಷ್ಯರಾದ ಜಿನಸೇನರು ಉಳಿದ 40,000 ಶ್ಲೋಕಪ್ರಮಾಣವನ್ನು ಬರೆದು ಶಕ 759ರಲ್ಲಿ (ಕ್ರಿ.ಶ. 837) ಪೂರ್ಣಗೊಳಿಸಿದರು. ಬಳಿಕ ಅವರು ಕೈಗೊಂಡ ಮಹಾಪುರಾಣವು 42 ಪರ್ವಗಳನ್ನು ದಾಟಿ 43ನೆಯ ಪರ್ವದ ಮೊದಲಲ್ಲಿಯೇ ನಿಂತಿತು. ಶಿಷ್ಯರಾದ ಗುಣಭದ್ರರು ಅದನ್ನು ಮುಂದುವರಿಸಿದರು. ಮೂರು ತಲೆಮಾರಿನ ಗುರುಶಿಷ್ಯರು ಬರೆದ ಈ ರಾಶಿ ಒಂದೊಂದು ದಿನದ ಒಂದೊಂದು ಓಲೆಯಿಂದಲೇ ಬೆಳೆದದ್ದು. ಫಲವನ್ನು ತಾವೇ ಕಾಣಬೇಕೆಂದು ಅವರು ಹಟಹಿಡಿದಿದ್ದರೆ ಮೊದಲ ಓಲೆಯನ್ನೂ ಕೊರೆಯುತ್ತಿರಲಿಲ್ಲ.

ಆಗಮದಲ್ಲಿ ಆಸ್ರವವನ್ನು ವಿವರಿಸುವಾಗ ಸರೋವರಕ್ಕೆ ನೀರು ಹರಿದುಬರುವ ದ್ವಾರದ ಉಪಮೆಯುಂಟು. ಹಿರಿಯ ಕೆರೆಯನ್ನು ಹೆಸರಿನಲ್ಲಿಯೇ ಹೊತ್ತ ಹಿರೇಕೆರೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಸೂರಿನ ಬಳಿ ಕುಮುದ್ವತಿ ನದಿಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯು ಒಂದು ಕಾಲಕ್ಕೆ ಬಹು ವಿಸ್ತಾರವಾಗಿತ್ತು. ಏರಿಯೊಡೆದ ಮೇಲೆ ಬಹುಕಾಲ ಹಾಳುಬಿದ್ದು, ಬ್ರಿಟಿಷರ ಆಳ್ವಿಕೆಯಲ್ಲಿ ಮೊದಲಿಗಿಂತ ಕಿರಿದಾಗಿ ದುರಸ್ತಿಗೊಂಡಿತು. ಎಂಥ ಏರಿಯಾದರೂ ಉಳಿಯುವುದು ವರ್ಷವರ್ಷವೂ ಹಾಕುವ ಬುಟ್ಟಿ ಮಣ್ಣಿನಿಂದ. ಇಲಿಯ ಬಿಲವನ್ನು ಬೇಸಗೆಯಲ್ಲಿ ಮುಚ್ಚಿದವನಿಗೆ ಮಳೆಗಾಲದಲ್ಲಿ ನಿದ್ರೆ. ಮುಚ್ಚದವನಿಗೆ ಅಂದು ಊರೆಲ್ಲ ಸೇರಿದರೂ ಸಾಲದು. ದಿನದ ನಿಯಮಗಳು ಇಂಥ ಬುಟ್ಟಿಮಣ್ಣು.

ದಿನದ ನಿಯಮಗಳಿಗೆ ಶ್ರಾವಕನ ಷಟ್ಕರ್ಮಗಳೇ ಚೌಕಟ್ಟು: ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ. ಆರನ್ನೂ ಒಂದೇ ದಿನ ಪೂರ್ಣವಾಗಿ ಸಾಧಿಸುತ್ತೇನೆಂದು ಹೊರಟವರು ವಾರದೊಳಗೆ ಬಳಲುತ್ತಾರೆ. ಸೂರ್ಯಾಸ್ತದೊಳಗೆ ಊಟ, ಸೋಸಿದ ನೀರು, ಏಳುವಾಗ ಮಲಗುವಾಗ ಪಂಚನಮಸ್ಕಾರ, ದಿನಕ್ಕೊಂದು ಪುಟ ಸ್ವಾಧ್ಯಾಯ, ಊಟಕ್ಕೆ ಕೂರುವ ಮುನ್ನ ಒಂದು ಹಿಡಿ ಕಾಳನ್ನು ದಾನಕ್ಕೆಂದು ತೆಗೆದಿಡುವುದು, ಇವುಗಳಲ್ಲಿ ಒಂದನ್ನು ಮೊದಲು ನೆಲೆಗೊಳಿಸುವುದು ಲೇಸು. ಇಂದಿನ ಮನಶ್ಶಾಸ್ತ್ರಜ್ಞರೂ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಜನರು 12 ವಾರಗಳ ಕಾಲ ಒಂದೊಂದು ಚಿಕ್ಕ ಕೆಲಸವನ್ನು ದಿನವೂ ಮಾಡಿದರು. ಅಭ್ಯಾಸವು ಬೇರೂರಲು ಹಿಡಿದ ಕಾಲದ ಮಧ್ಯಮ ಅಂದಾಜು 66 ದಿನ. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನಗಳವರೆಗೂ ಬೇಕಾದೀತೆಂದು ಲೆಕ್ಕಹಾಕಲಾಯಿತು. ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸ ಕೆಡಲಿಲ್ಲವೆಂಬುದೂ ಅಲ್ಲಿ ಕಂಡುಬಂದಿತು. ಚಾತುರ್ಮಾಸದ ನಾಲ್ಕು ತಿಂಗಳಿಗೆ ನಿಯಮವನ್ನು ಹಿಡಿಯುವ ಹಿರಿಯರ ಪದ್ಧತಿಯೂ, ತಪ್ಪಿದಾಗ ಪ್ರಾಯಶ್ಚಿತ್ತದಿಂದ ಮರಳಿ ನಿಲ್ಲುವ ವ್ಯವಸ್ಥೆಯೂ ಎಷ್ಟು ವಿವೇಕದ್ದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ವ್ರತವೂ ಅಭ್ಯಾಸವೂ ಪೂರ್ತಿಯಾಗಿ ಒಂದೇ ಅಲ್ಲ. ಯೋಚಿಸದೆಯೇ ಆಗುವಷ್ಟು ರೂಢಿಯಾದಾಗ ಅಭ್ಯಾಸವು ಪೂರ್ಣವಾಯಿತೆನ್ನುತ್ತಾರೆ. ವ್ರತಕ್ಕೆ ಅಪಾಯವು ಶುರುವಾಗುವುದು ಅಲ್ಲಿಯೇ. ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ತತ್ತ್ವಾರ್ಥಸೂತ್ರವು ಹೇಳುವ ಅತಿಚಾರಗಳಲ್ಲಿ ಎರಡು ಸಮಾನವಾಗಿವೆ: ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಎಂದರೆ ಉದಾಸೀನತೆ ಮತ್ತು ಮರೆವು. ಕೈ ಜಪಮಣಿಯನ್ನು ಎಣಿಸುತ್ತಿರಲು ಮನಸ್ಸು ಪೇಟೆಯನ್ನು ಸುತ್ತುತ್ತಿದ್ದರೆ ರೂಢಿ ಉಳಿದಿದೆ, ವ್ರತ ಹೋಗಿದೆ. ದೇಹವನ್ನು ಹೊತ್ತಿಗೆ ಸರಿಯಾಗಿ ಮಣೆಯ ಮೇಲೆ ಕೂರಿಸುವುದು ರೂಢಿಯ ಕೆಲಸ. ಕುಳಿತ ಮೇಲೆ ಎಚ್ಚರವಾಗಿರುವುದು ದಿನದಿನವೂ ಹೊಸದಾಗಿ ಮಾಡಬೇಕಾದ ಪ್ರಯತ್ನ.

ಇನ್ನೊಂದು ಸೂಕ್ಷ್ಮವಿದೆ. ಶಲ್ಯವಿಲ್ಲದವನೇ ವ್ರತಿಯೆಂದು ಆಗಮವಚನ. ಮಾಯೆ, ಮಿಥ್ಯಾತ್ವ, ನಿದಾನ ಇವು ಮೂರು ಶಲ್ಯಗಳು. ನಿದಾನವೆಂದರೆ ವ್ರತಕ್ಕೆ ಪ್ರತಿಯಾಗಿ ಭೋಗವನ್ನು ಬೇಡುವುದು. ಸುಖಕ್ಕಾಗಿ ವ್ರತವೆಂದು ಈವರೆಗೆ ಹೇಳಿ, ಸುಖವನ್ನು ಬೇಡಿದರೆ ವ್ರತವೇ ಮುಳ್ಳಾಗುವುದೆಂದರೆ ಇದು ವಿರೋಧವಲ್ಲವೆ? ಜೋಳ ಬಿತ್ತುವವನು ಕಾಳಿಗಾಗಿ ಬಿತ್ತುತ್ತಾನೆ. ಕಣಿಕೆ ತಾನಾಗಿಯೇ ದೊರೆಯುತ್ತದೆ. ಕಣಿಕೆಗಾಗಿ ಕಾಳನ್ನು ಮರೆತವನಿಗೆ ವರ್ಷದ ಕೊನೆಗೆ ದೊರೆಯುವುದು ದನದ ಮೇವು ಮಾತ್ರ. ಆತ್ಮಶುದ್ಧಿಯೇ ಕಾಳು, ಸಾತಾವೇದನೀಯದ ಸುಖವು ಕಣಿಕೆ. ಇಷ್ಟು ಉಪವಾಸ ಮಾಡಿದರೆ ಇಷ್ಟು ಲಾಭವೆಂದು ಲೆಕ್ಕವಿಟ್ಟವನು ಲಾಭ ಬಾರದ ದಿನ ಧರ್ಮವನ್ನೇ ಬೈಯುತ್ತಾನೆ. ನಿಯಮವು ಮಳೆಯನ್ನು ತರುವುದಿಲ್ಲ. ರೋಗವು ಬರುವುದೇ ಇಲ್ಲವೆಂದು ಮಾತುಕೊಡುವುದೂ ಇಲ್ಲ. ಖದಿರಸಾರನ ವ್ಯಾಧಿಯು ವ್ರತದಿಂದ ಗುಣವಾಗಲಿಲ್ಲ. ಆದರೆ ವ್ಯಾಧಿಯು ಅವನ ಮನಸ್ಸನ್ನು ಕದಡಲಾರದೆ ಹೋಯಿತು. ಆ ಅನಾಕುಲತೆಗೆ ಸುಖವೆಂಬ ಹೆಸರು ಸಲ್ಲುತ್ತದೆ. ಅದನ್ನು ಪೇಟೆ ಕೊಡಲಾರದು, ಬರಗಾಲ ಕಸಿಯಲಾರದು.

ಗಂಗರ ಅರಸನಾದ ಇಮ್ಮಡಿ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದವನು. ಕ್ರಿ.ಶ. 974ರ ಸುಮಾರಿಗೆ ಅದೇ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ. ಕಡೆಯಲ್ಲಿ ಅವನು ಶಾಂತಿಯನ್ನು ಅರಸಿದ್ದು ಗೆದ್ದ ನಾಡುಗಳಲ್ಲಲ್ಲ. ಶ್ರಾವಕನ ಹನ್ನೆರಡು ವ್ರತಗಳನ್ನು ಹೇಳಿದ ಮೇಲೆಯೇ ಸೂತ್ರಕಾರರು ಸಲ್ಲೇಖನವನ್ನು ಹೇಳಿರುವುದರಲ್ಲಿಯೂ ಅರ್ಥವಿದೆ. ಕೊನೆಯ ದಿನದ ಪಾಠವನ್ನು ಕೊನೆಯ ದಿನ ಕಲಿಯಲಾಗದು. ಒಂದು ಹೊತ್ತಿನ ತುತ್ತನ್ನು ಸಂತೋಷದಿಂದ ಬಿಡಲು ಕಲಿತವನೇ ಬಿಡಲೇಬೇಕಾದ ದಿನ ಎಲ್ಲವನ್ನೂ ಸಮತೆಯಿಂದ ಬಿಡಬಲ್ಲನು.

ಆದುದರಿಂದ ಮುಂದಿನ ಅಷ್ಟಮಿಯನ್ನು ಕಾಯದೆ ಇಂದಿನ ಸಂಜೆಗೇ ಒಂದು ನಿಯಮವನ್ನು ಹಿಡಿಯಬಹುದು. ಅದು ನಾಚಿಕೆಯಾಗುವಷ್ಟು ಚಿಕ್ಕದಾಗಿದ್ದರೂ ಸರಿಯೇ. ಅವಧಿಯನ್ನು ಗೊತ್ತುಪಡಿಸಿಕೊಂಡು, ಯಾರಿಗೂ ಸಾರದೆ, ಯಾವ ಫಲವನ್ನೂ ಕೇಳದೆ, ಆದರದಿಂದಲೂ ನೆನಪಿನಿಂದಲೂ ಅದನ್ನು ನಡೆಸಬೇಕು. ತಪ್ಪಿದರೆ ಮರುದಿನ ಮತ್ತೆ ಹಿಡಿಯಬೇಕು. ಅವಧಿಯು ಮುಗಿದಾಗ ಮನೆಯವರ ಮುಖವನ್ನೊಮ್ಮೆ ನೋಡಬೇಕು. ಅವರ ಮುಖದಲ್ಲಿ ನೆಮ್ಮದಿ ಕಂಡರೆ ನಿಯಮವು ಫಲಿಸುತ್ತಿದೆಯೆಂದು ತಿಳಿದು, ಅವಧಿಯನ್ನು ಇನ್ನೊಂದು ಪಕ್ಷಕ್ಕೆ ಬೆಳೆಸಬಹುದು.