ಕಾಣೆಯಾದವರ ಲೆಕ್ಕ

ಕೆರಿಬಿಯನ್ ಕಡಲಿನ ಪೋರ್ಟೊರಿಕೊ ದ್ವೀಪದ ರಾಜಧಾನಿ ಸಾನ್ ಹುವಾನ್. ಅದರ ಹಳೆಯ ಊರು ಕಡಲಿಗೆ ಎದುರಾಗಿ ಕೋಟೆ ಕಟ್ಟಿಕೊಂಡು ಕೂತಿದೆ. 1521ರಿಂದ 1898ರಲ್ಲಿ ಅಮೆರಿಕದ ಕೈಸೇರುವವರೆಗೂ ಅದು ಸ್ಪೇನಿನವರ ಕಾವಲು ನಗರ. ಅಲ್ಲಿನ ಓಣಿಗಳಿಗೆ ಹಾಸಿದ ಕಲ್ಲುಗಳಿಗೆ ನೀಲಿ ಛಾಯೆ. ಕೋಟೆಗೋಡೆಯ ಬುಡದಲ್ಲಿ ಬೆಕ್ಕುಗಳ ದೊಡ್ಡ ಸಂಸಾರವೇ ಇದೆ. ಜೂನ್ 23ರ ರಾತ್ರಿ ಜನ ಕಡಲಿಗೆ ಬೆನ್ನು ಮಾಡಿ ಹಿಮ್ಮುಖವಾಗಿ ನೀರಿಗೆ ಬೀಳುತ್ತಾರೆ. ವರ್ಷದ ಕೆಡುಕೆಲ್ಲ ತೊಳೆದುಹೋಗಲಿ ಎಂಬ ನಂಬಿಕೆ. ಇಂಥ ಊರಿನಲ್ಲಿ ದೆವ್ವ ಭೂತಗಳ ಕಥೆಗೆ ಕೊರತೆಯೇ?

ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಸಾನ್ ಕ್ರಿಸ್ತೋಬಲ್ ಕೋಟೆಯ ಕೆಳಗೆ, ಬಂಡೆಯ ತುದಿಯಲ್ಲಿರುವ ಒಂದು ಕಾವಲುಗೂಡಿನದು. ಹೆಸರು ಗರೀಟಾ ದೆಲ್ ದಿಯಾಬ್ಲೊ, ಅಂದರೆ ಸೈತಾನನ ಕಾವಲುಗೂಡು. ರಾತ್ರಿ ಪಹರೆಯವರು ನಿದ್ದೆಹೋಗದಂತೆ ಒಬ್ಬರನ್ನೊಬ್ಬರು ಕೂಗಿ ಎಚ್ಚರಿಸುತ್ತಿದ್ದರು. ಒಂದು ರಾತ್ರಿ ಆ ಕೊನೆಯ ಗೂಡಿನಿಂದ ಮರುದನಿ ಬರಲಿಲ್ಲ. ಕತ್ತಲಲ್ಲಿ ಹೋಗಿ ನೋಡುವ ಧೈರ್ಯ ಯಾರಿಗೂ ಆಗಲಿಲ್ಲ. ಬೆಳಿಗ್ಗೆ ಹೋದರೆ ಕೋವಿ ಇತ್ತು, ಸಮವಸ್ತ್ರ ಇತ್ತು. ಸ್ಯಾಂಚೆಸ್ ಎಂಬ ಸೈನಿಕ ಮಾತ್ರ ಇರಲಿಲ್ಲ. ಸೈತಾನ ಒಯ್ದನೆಂದು ಊರು ತೀರ್ಮಾನಿಸಿತು.

ಪೋರ್ಟೊರಿಕೊದ ದಂತಕಥೆಗಳನ್ನು ಬರೆದಿಟ್ಟ ಇತಿಹಾಸಕಾರ ಕಯೆತಾನೊ ಕೊಲ್ ಇ ತೋಸ್ತೆ ಇದೇ ಕಥೆಗೆ ಇನ್ನೊಂದು ಕೊನೆ ಕೊಡುತ್ತಾನೆ. ಅವನ ಪ್ರಕಾರ ಸ್ಯಾಂಚೆಸ್ ಸೈನಿಕನ ಗುರುತುಗಳನ್ನೆಲ್ಲ ಅಲ್ಲೇ ಕಳಚಿಟ್ಟು, ದೀನಾ ಎಂಬ ತನ್ನ ಪ್ರೇಯಸಿಯೊಂದಿಗೆ ಬೆಟ್ಟದ ಕಡೆಗೆ ಓಡಿಹೋದ. ಸೈತಾನನಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಇದು ಅಚ್ಚಾಗಿ ಬಹಳ ಕಾಲವಾಯಿತು. ಆದರೂ ಗೂಡಿನ ಹೆಸರು ಬದಲಾಗಲಿಲ್ಲ. ಜನ ಎರಡೂ ಕೊನೆಗಳನ್ನು ಬಲ್ಲರು, ಎರಡನ್ನೂ ಹೇಳುತ್ತಾರೆ.

ಸಂಶೋಧನೆಯಲ್ಲಿ ತೊಡಗಿರುವ ನನ್ನಂಥವರಿಗೆ ಕಥೆ ನಿಜವೋ ಸುಳ್ಳೋ ಎಂದು ಕೇಳುವುದು ಅಭ್ಯಾಸ. ಇಲ್ಲಿ ಆ ಪ್ರಶ್ನೆ ಹೆಚ್ಚು ದೂರ ಹೋಗುವುದಿಲ್ಲ. ಈ ಕಥೆಯಿಂದ ಯಾರ ಹೊರೆ ಇಳಿಯಿತು ಎಂಬ ಪ್ರಶ್ನೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಸೈತಾನ ಒಯ್ದ ಎಂದುಬಿಟ್ಟರೆ, ಆ ರಾತ್ರಿ ಗೂಡಿನವರೆಗೆ ಹೋಗದ ಜೊತೆಗಾರರು ಉತ್ತರ ಕೊಡಬೇಕಿಲ್ಲ. ಸೈನಿಕನೊಬ್ಬ ಓಡಿಹೋಗಲು ಬಯಸುವಂಥ ಬದುಕು ಕೋಟೆಯಲ್ಲಿ ಏಕಿತ್ತು ಎಂದು ಅಧಿಕಾರಿಗಳು ಯೋಚಿಸಬೇಕಿಲ್ಲ. ಅದೇ ಸುಳ್ಳು ಓಡಿಹೋದ ಇಬ್ಬರನ್ನೂ ಕಾಪಾಡಿತು ಎನ್ನುವುದನ್ನೂ ಒಪ್ಪಬೇಕು. ಸೈತಾನ ಕೊಂಡೊಯ್ದವನನ್ನು ಹುಡುಕಲು ಯಾರು ಹೋಗುತ್ತಾರೆ? ಹಾಗಾಗಿ ದೆವ್ವದ ಕಥೆಯೆಲ್ಲ ಮೌಢ್ಯ, ಮೌಢ್ಯವೆಲ್ಲ ಕೇಡು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ನನ್ನನ್ನು ಕಾಡುವುದು ಬೇರೆ. ಸ್ಯಾಂಚೆಸ್ ಕಥೆಯಾಗಿ ಉಳಿದದ್ದು ಅವನ ಕೂಗಿಗಾಗಿ ಒಬ್ಬ ಕಾಯುತ್ತಿದ್ದ ಕಾರಣಕ್ಕೆ. ಅವನ ಹೆಸರು ಪಹರೆಯ ಲೆಕ್ಕದಲ್ಲಿದ್ದ ಕಾರಣಕ್ಕೆ. ಈ ಕೋಟೆಗಳನ್ನು ಕಟ್ಟಲು ದುಡಿದವರಲ್ಲಿ ಗುಲಾಮರೂ ಕೈದಿಗಳೂ ಇದ್ದರು. ಪೋರ್ಟೊರಿಕೊದಲ್ಲಿ ಗುಲಾಮಗಿರಿ ರದ್ದಾದದ್ದು 1873ರಲ್ಲಿ. ಅಷ್ಟು ಕಾಲ ಅಲ್ಲಿ ಕಲ್ಲು ಹೊತ್ತವರ ಪೈಕಿ ಒಬ್ಬನಾದರೂ ಸ್ಯಾಂಚೆಸ್‌ನಷ್ಟು ಹೆಸರಾಂತ ದೆವ್ವವಾಗಲಿಲ್ಲ. ದೆವ್ವವಾಗಬೇಕಾದರೂ ಮೊದಲು ಲೆಕ್ಕದಲ್ಲಿರಬೇಕು, ಕಾಣೆಯಾದಾಗ ಹುಡುಕಿಕೊಂಡು ಒಬ್ಬರಾದರೂ ಬರಬೇಕು.

ಇದು ಹಳೆಯ ಕಾಲದ ಮಾತು ಎಂದುಕೊಳ್ಳುವಂತಿಲ್ಲ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಈ ದ್ವೀಪಕ್ಕೆ ಅಪ್ಪಳಿಸಿತು. ಗಾಳಿ ನಿಂತ ಮೇಲೂ ಜನ ಸಾಯುತ್ತಲೇ ಇದ್ದರು. ಹಲವೆಡೆ ತಿಂಗಳುಗಟ್ಟಲೆ ವಿದ್ಯುತ್ ಇರಲಿಲ್ಲ; ಆಮ್ಲಜನಕದ ಯಂತ್ರ, ಡಯಾಲಿಸಿಸ್, ಇನ್ಸುಲಿನ್ ನಂಬಿಕೊಂಡಿದ್ದವರು ಕಷ್ಟಕ್ಕೆ ಸಿಕ್ಕರು. ಸರ್ಕಾರ ಮಾತ್ರ ಸತ್ತವರು 64 ಮಂದಿ ಎಂಬ ಲೆಕ್ಕಕ್ಕೇ ಅಂಟಿಕೊಂಡಿತ್ತು. 2018ರ ಆಗಸ್ಟ್‌ನಲ್ಲಿ, ತಾನೇ ಮಾಡಿಸಿದ ವಿಶ್ವವಿದ್ಯಾಲಯದ ಅಧ್ಯಯನವೊಂದರ ನಂತರ, ಆ ಸಂಖ್ಯೆಯನ್ನು 2,975ಕ್ಕೆ ಏರಿಸಿತು. ಸೈತಾನ ಒಯ್ದ ಎಂದು ಈ ಕಾಲದಲ್ಲಿ ಯಾರೂ ಹೇಳುವುದಿಲ್ಲ. ಬಿರುಗಾಳಿ ಒಯ್ದಿತು, ವಯಸ್ಸಾಗಿತ್ತು, ಮೊದಲೇ ಕಾಯಿಲೆಯಿತ್ತು ಎನ್ನುತ್ತೇವೆ. ಮಾತುಗಳು ಬೇರೆಯಾದರೂ ಅವು ಮಾಡುವ ಕೆಲಸ ಅದೇ: ಉತ್ತರ ಕೊಡಬೇಕಾದವರನ್ನು ಮನೆಗೆ ಕಳಿಸುವುದು.

ಹೊಸ ಸಂಖ್ಯೆ ಬರುವ ಮೊದಲೇ, ಅದೇ ವರ್ಷದ ಜೂನ್ ಆರಂಭದಲ್ಲಿ, ಸಾನ್ ಹುವಾನ್‌ನ ಶಾಸನಸಭಾ ಭವನದ ಮುಂದೆ ಜನ ಚಪ್ಪಲಿ, ಬೂಟುಗಳನ್ನು ತಂದಿಡತೊಡಗಿದರು. ತೀರಿಹೋದ ತಂದೆಯ ಬೂಟು, ಅಜ್ಜಿಯ ಚಪ್ಪಲಿ, ಪುಟ್ಟ ಮಕ್ಕಳ ಶೂ. ಎಷ್ಟೋ ಜೋಡಿಗಳ ಜೊತೆ ಹೆಸರು ಬರೆದ ಚೀಟಿ. ಹೀಗೆ ನೂರಾರು ಜೋಡಿಗಳು ಸಾಲುಗಟ್ಟಿದವು. ಆ ಭವನದಿಂದ ಸಾನ್ ಕ್ರಿಸ್ತೋಬಲ್ ಕೋಟೆಗೆ ನಡೆದೇ ಹೋಗಬಹುದು.

ಕಾವಲುಗೂಡಿನಲ್ಲಿ ಸಿಕ್ಕ ಅಂಗಿ, ಕೋವಿಗಳ ಪಕ್ಕದಲ್ಲಿ ಈ ಚಪ್ಪಲಿಗಳನ್ನಿಟ್ಟು ನೋಡುತ್ತೇನೆ. ಎರಡೂ ಕಡೆ ಮನುಷ್ಯ ಇಲ್ಲ, ಅವನ ವಸ್ತು ಉಳಿದಿದೆ. ಒಂದು ಕಡೆ ವಸ್ತುವನ್ನು ಕಂಡವರು ಹೆದರಿ ಪ್ರಶ್ನೆಯನ್ನು ಮುಚ್ಚಿದರು. ಇನ್ನೊಂದು ಕಡೆ ಮನೆಯವರೇ ವಸ್ತುವನ್ನು ತಂದು ಪ್ರಶ್ನೆಯನ್ನು ಬಾಗಿಲಲ್ಲಿಟ್ಟರು. 2,975 ಎಂಬುದು ಕೂಡ ಒಂದು ಅಂದಾಜು. ಅದು ಹೆಸರುಗಳ ಪಟ್ಟಿಯಲ್ಲ. ಅಂಕಿ ಕೊಡಲಾಗದ ಹೆಸರನ್ನು ಆ ಚೀಟಿಗಳು ಕೊಟ್ಟವು.

ಸತ್ತವರ ಬಗ್ಗೆ ನಾವು ಹೇಳುವ ಯಾವ ಕಥೆಗೂ ನಾನು ಈಗ ಹಾಕುವ ಒರೆ ಇಷ್ಟೇ: ಕೇಳಿದ ಮೇಲೆ ನಮ್ಮ ಪ್ರಶ್ನೆ ನಿಂತಿತೇ, ಹುಟ್ಟಿತೇ? ಸೈತಾನನ ಗೂಡಿನ ಕಥೆಯನ್ನು ಸಾನ್ ಹುವಾನ್‌ನ ಹಿರಿಯರು ಮೊಮ್ಮಕ್ಕಳಿಗೆ ಹೇಳುತ್ತಲೇ ಇರಲಿ. ಚೆನ್ನಾದ ಕಥೆ ಅದು. ಜೊತೆಗೆ, ಅಂದು ರಾತ್ರಿ ಕೂಗಿಗೆ ಉತ್ತರ ಬಾರದಿದ್ದಾಗ ಒಬ್ಬರೂ ದೀಪ ಹಿಡಿದು ಕೆಳಗಿಳಿಯಲಿಲ್ಲ ಎಂಬುದನ್ನೂ ಹೇಳಲಿ.