ಅಭಯವೇ ಮೊದಲ ಪಾಠ

ಶರನ್ನವರಾತ್ರಿಯ ಸರಸ್ವತೀಪೂಜೆಯಂದು ಸಯನ್ನಿನ ಕನ್ನಡಿಗರ ಮನೆಗಳಲ್ಲಿಯೂ ಮಕ್ಕಳ ಪುಸ್ತಕಗಳು ದೇವರ ಮುಂದಿನ ಮಣೆಯನ್ನೇರುತ್ತವೆ. ವಿಜಯದಶಮಿಯವರೆಗೆ ಅವನ್ನು ತೆರೆಯಬಾರದೆಂಬುದು ಹಿರಿಯರ ಸಂಪ್ರದಾಯ. ಆಗ ಮಗುವಿನ ಮುಖದಲ್ಲಿ ಮೂಡುವ ನಿರಾಳವನ್ನು ತಾಯಿತಂದೆಗಳು ಗಮನಿಸಬೇಕು. ಪುಸ್ತಕವು ಕಣ್ಮರೆಯಾದುದಕ್ಕೇ ಮಗು ಹಿಗ್ಗುವುದಾದರೆ, ಅದು ಅಂಜುತ್ತಿರುವುದು ಪುಸ್ತಕಕ್ಕೋ, ಪುಸ್ತಕ ಹಿಡಿದು ಎದುರಿಗೆ ಕೂಡುವವರಿಗೋ?

ತೈತ್ತಿರೀಯೋಪನಿಷತ್ತಿನಲ್ಲಿ ಭೃಗುವು ತಂದೆಯಾದ ವರುಣನ ಬಳಿಗೆ ಬ್ರಹ್ಮಜ್ಞಾನವನ್ನು ಬೇಡಿ ಬರುತ್ತಾನೆ. ತಪಸ್ಸು ಮಾಡಿ ತಿಳಿಯೆಂದು ತಂದೆ ಕಳುಹಿಸುತ್ತಾನೆ. ಮಗನು ಅನ್ನವೇ ಬ್ರಹ್ಮವೆಂದು ಕಂಡು ಮರಳುತ್ತಾನೆ. ಅನಂತರ ಪ್ರಾಣವೆಂದು, ಮನಸ್ಸೆಂದು, ವಿಜ್ಞಾನವೆಂದು ಕಂಡು ಮತ್ತೆ ಮತ್ತೆ ಬರುತ್ತಾನೆ. ನಾಲ್ಕು ಬಾರಿಯೂ ಉತ್ತರ ಅಪೂರ್ಣ. ಆದರೂ ವರುಣನು ಒಮ್ಮೆಯೂ ಹಳಿಯಲಿಲ್ಲ. ಉತ್ತರವನ್ನು ತಾನೇ ಹೇಳಿ ಶ್ರಮವನ್ನು ತಪ್ಪಿಸಲೂ ಇಲ್ಲ. ಮತ್ತೆ ತಪಸ್ಸಿಗೇ ಕಳುಹಿಸಿದನು. ಕೊನೆಗೆ ಭೃಗುವು ಆನಂದವನ್ನು ತಾನೇ ಕಂಡುಕೊಂಡನು. ಮೊದಲ ಬಾರಿಯೇ ಅವಮಾನಿತನಾಗಿದ್ದರೆ ಅವನು ಎರಡನೆಯ ಸಲ ತಂದೆಯ ಎದುರು ನಿಲ್ಲುತ್ತಿದ್ದನೇ? ಅಭಯವೆಂದರೆ ಶಿಸ್ತಿನ ಅಭಾವವಲ್ಲ. ತಪ್ಪಿದವನಿಗೂ ಮರಳಿ ಬರಲು ಬಾಗಿಲು ತೆರೆದಿರುವುದು.

ಭಗವದ್ಗೀತೆಯ ಹದಿನಾರನೆಯ ಅಧ್ಯಾಯವು ದೈವೀ ಸಂಪತ್ತನ್ನು ಎಣಿಸುವಾಗ ಅಭಯವನ್ನೇ ಮೊದಲು ಹೇಳುತ್ತದೆ. ಮಹಿಷನ ಎದುರು ಆಯುಧಪಾಣಿಯಾದ ದೇವಿಯು ಮಕ್ಕಳ ಕಡೆಗೆ ಚಾಚುವುದು ಅಭಯಹಸ್ತವನ್ನೇ.

ಮುಂಬಯಿಯ ಮಗುವಿಗೆ ಈ ಅಭಯ ಇನ್ನಷ್ಟು ಅವಶ್ಯ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ನಾಲಿಗೆ ತಡವರಿಸುವುದು ಸಹಜ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ದಣಿದು ಬಂದ ತಂದೆಯ ಸಿಟ್ಟು ಮಗುವಿನ ಲೆಕ್ಕದ ಮೇಲೆ ಸಿಡಿಯುತ್ತದೆ. ಗೋಡೆಯಾಚೆಯ ನೆರೆಮನೆಗೂ ಆ ಮಾತು ಕೇಳಿಸುತ್ತದೆ. ಮರುದಿನದಿಂದ ಮಗು ತಪ್ಪುವುದನ್ನು ಬಿಡುವುದಿಲ್ಲ, ತಪ್ಪನ್ನು ಮುಚ್ಚಿಡಲು ಕಲಿಯುತ್ತದೆ. ಖಾತೆಯಲ್ಲಿ ಅಂದಿನ ತಪ್ಪು ಅಂದೇ ಕಂಡರೆ ಒಂದು ಗೆರೆಯಿಂದ ತಿದ್ದಬಹುದು. ಅಡಗಿದ ತಪ್ಪು ವರ್ಷಾಂತ್ಯದಲ್ಲಿ ಇಡೀ ಲೆಕ್ಕವನ್ನೇ ಕೆಡಿಸುತ್ತದೆ.

ಈ ನಗರದ ಕನ್ನಡಿಗರು ಹಿಂದೆ ನಡೆಸಿದ ರಾತ್ರಿಶಾಲೆಗಳನ್ನು ನೆನೆಯಬೇಕು. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಇರುಳಿನಲ್ಲಿ ಪಾಠಕ್ಕೆ ಕೂಡುತ್ತಿದ್ದರು. ಬೈಗುಳವನ್ನು ಹಗಲಿನಲ್ಲೇ ಉಂಡು ಬಂದವನಿಗೆ ಇರುಳಿನಲ್ಲೂ ಅದೇ ಸಿಕ್ಕಿದರೆ, ಅವನನ್ನು ಮರುದಿನ ಶಾಲೆಗೆ ಕರೆತರುವವರಾರು?

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೇಹದಂಡನೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಓದಿನ ಮಣೆಯ ಬಳಿ ಹೆತ್ತವರಾಡುವ ಮಾತನ್ನು ಕಾಯಬೇಕಾದುದು ಧರ್ಮಬುದ್ಧಿಯೇ.

ಆಯುಧಪೂಜೆಯಂದು ಉಪಕರಣಗಳೆಲ್ಲ ವಿಶ್ರಮಿಸುತ್ತವೆ; ಹರಿತವಾದ ನಾಲಿಗೆಯೂ ವಿಶ್ರಮಿಸಲಿ. ವಿಜಯದಶಮಿಯಂದು ಪುಸ್ತಕವನ್ನು ಮಗುವಿನ ಕೈಗಿಡುವಾಗ, “ತಪ್ಪಾದರೆ ನನ್ನ ಬಳಿಗೇ ಬಾ” ಎಂಬ ಮಾತನ್ನೂ ಹೆತ್ತವರು ಜೊತೆಗಿಡಲಿ. ತಾಯಿ ಶಾರದೆಯು ಸರ್ವರಿಗೂ ಆ ತಾಳ್ಮೆಯನ್ನು ಕರುಣಿಸಲಿ.