ಕಡೆಯವನು ಯಾರು?

ಕೋಟ, ಸಾಲಿಗ್ರಾಮದ ಹುಡುಗರು ಹಿಂದೆ ಬೊಂಬಾಯಿ ಹೋಟೆಲುಗಳಿಗೆ ಲೋಟ ತೊಳೆಯಲು ಹೋದರು. ಈಗ ನಾವು ಡಿಗ್ರಿ ಹಿಡಿದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತೇವೆ. ಮನೆಯಲ್ಲಿ ಮೊದಲು ಓದಿದವರು ನಾವು. ಕೆಲಸ ಸಿಕ್ಕಿದ್ದೇ ಪುಣ್ಯ ಅಂತ ಬಾಯಿ ಮುಚ್ಚಿಕೊಳ್ಳುತ್ತೇವೆ. ಧಣಿಗೆ ಬೇಕಾದ್ದೂ ಅದೇ.

ಅಲ್ಲಿ ನಡೆಯುವುದೇನು? ವರ್ಷಕ್ಕೊಮ್ಮೆ ಎಲ್ಲರನ್ನೂ ಮೇಲಿಂದ ಕೆಳಕ್ಕೆ ಜೋಡಿಸುತ್ತಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಜಾಕ್ ವೆಲ್ಚ್, ಕೊನೆಯ ನೂರಕ್ಕೆ 10 ಮಂದಿಯನ್ನು ವರ್ಷವರ್ಷವೂ ಹೊರದಬ್ಬುವ ಈ ಪದ್ಧತಿಗೆ ಹೆಸರಾದವನು. ಎಲ್ಲರೂ ಬೆವರು ಸುರಿಸಿ ದುಡಿದರೂ ಒಬ್ಬ ಕಡೆಯವನಾಗಲೇಬೇಕು! ಇದು ಕೆಲಸದ ಲೆಕ್ಕವಲ್ಲ, ಭಯದ ಲೆಕ್ಕ. ಮೈಕ್ರೋಸಾಫ್ಟ್ ಕೂಡ ಇಂಥ ಶ್ರೇಣಿಯನ್ನು 2013ರಲ್ಲಿ ಕೈಬಿಟ್ಟಿತು.

ಈ ಏಣಿ ನಮಗೆ ಹೊಸದೇ? ಜಾತಿಯೆಂದರೆ ದುಡಿಮೆಯ ವಿಭಜನೆಯಷ್ಟೇ ಅಲ್ಲ, ದುಡಿಯುವವರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿದರು. ತುಳಿಯಲು ಕೆಳಗೊಬ್ಬ ಸಿಕ್ಕಿದರೆ ಸಾಕು, ತನ್ನ ತಲೆಯ ಮೇಲಿನ ಕಾಲು ಮರೆತುಹೋಗುತ್ತದೆ. “ಅವ ಹಿಂದ್ ಬಿದ್ರೆ ನಮ್ಗೆಂತ?” ಎನ್ನುವ ನಾಲಿಗೆಯ ಮೇಲೆ ಕೂತಿರುವುದು ಜಾತಿಯೇ.

“ಸ್ಪರ್ಧೆಯಿಂದಲೇ ಅಲ್ಲವೆ ನೀವು ಮೇಲೆ ಬಂದದ್ದು?” ಎಂದು ಕೇಳುತ್ತಾರೆ. ಅಲ್ಲ. ನಮ್ಮನ್ನು ಎತ್ತಿದ್ದು ಹಾಸ್ಟೆಲಿನ ಅನ್ನ, ಸ್ಕಾಲರ್‌ಶಿಪ್ಪು, ಮೀಸಲಾತಿ, ಬೀಡಿ ಕಟ್ಟಿದ ಅಕ್ಕಂದಿರ ಬೆರಳು. ನಮ್ಮ ಅಮ್ಮಂದಿರು ನಟ್ಟಿ ಮಾಡಿದ ಗದ್ದೆ ಒಡೆಯರದು, ಕೂಲಿ ಕಾಸಿನದು. ಅದನ್ನು ಹೊಗಳುವುದು ಬೇಡ. ಆದರೆ ಹಿಂದುಳಿದ ಬಸುರಿಯ ಪಾಲನ್ನೂ ಪಕ್ಕದವಳು ನೆಟ್ಟುಬಿಡುತ್ತಿದ್ದಳು. ಸೋಮಾರಿತನವೆಂದು ಯಾರೂ ಅದಕ್ಕೆ ಹೆಸರಿಡಲಿಲ್ಲ.

ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿ ಹೇಳಿದರು. ಅಂಬೇಡ್ಕರರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕಾರ್ಖಾನೆಯ ವಾರದ ದುಡಿಮೆ 54ರಿಂದ 48 ಗಂಟೆಗೆ ಇಳಿದಿತ್ತು. ಮುಂದೆ ಹೋಗುವುದೆಂದರೆ ಇದೇನು?

ಗೆಳೆಯರೇ, ಮಾಡುವುದೇನು? ಸಂಬಳದ ಚೀಟಿಯನ್ನು ಒಬ್ಬರಿಗೊಬ್ಬರು ತೋರಿಸೋಣ. ಹೆಚ್ಚು ದುಡಿದ ಗಂಟೆಗಳನ್ನು ಬರೆದಿಡೋಣ. ಪಕ್ಕದವನ ಮೇಲೆ ಚಾಡಿ ಬರೆ ಎಂದರೆ ಬರೆಯದಿರೋಣ. ಸಂಘ ಕಟ್ಟೋಣ. 2024ರಲ್ಲಿ ಐಟಿ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಎಳೆಯುವ ಪ್ರಸ್ತಾಪ ಬಂದಾಗ ಬೆಂಗಳೂರಿನಲ್ಲಿ ಬೀದಿಗಿಳಿದದ್ದು ಆ ನೌಕರರ ಸಂಘವೇ. ಒಂಟಿ ರ‍್ಯಾಂಕುದಾರನಲ್ಲ.

ಮೇಷ್ಟ್ರುಗಳೇ, ಮೊದಲು ಬಂದ ಮಗುವಿಗೆ ಚಪ್ಪಾಳೆ ತಟ್ಟಿಸಿ, ಬೇಡ ಎನ್ನುವುದಿಲ್ಲ. ಆದರೆ ಕಡೆಯ ಬೆಂಚಿನ ಮಗುವಿಗೆ ಪಾಠ ಹೇಳಿಕೊಡುವುದನ್ನೂ ಅದಕ್ಕೆ ಕಲಿಸಿ. ಕಡೆಯವನನ್ನು ಬಿಟ್ಟು ಓಡುವವನೇ ಮುಂದಿನ ವರ್ಷದ ಕಡೆಯವನು.